ಖಾಲಿ ಬಾಲ್ಕನಿ

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಸೋದರತ್ತೆ ಹಾಲಿನ ಪಾತ್ರೆ ಹಿಡಿದು ಬಾಗಿಲಿನಿಂದ ಒಲೆಯವರೆಗೆ ನಡೆದು ನಿಂತಳು. ಅವಳು ನಿಂತ ಮೇಲೂ ಕಿವಿಯ ಲೋಲಾಕು ನಿಲ್ಲಲಿಲ್ಲ. ಎಡಗಡೆಯದು ಬೇಗ ಸುಮ್ಮನಾಯಿತು. ಬಲಗಡೆಯದರ ಕೊಂಡಿ ಸಡಿಲ. ಹಾಲು ಒಲೆಗೇರಿದ ಮೇಲೂ ಅದು ತೂಗುತ್ತಲೇ ಇತ್ತು. ಕಾಲೇಜಿನಲ್ಲಿದ್ದಾಗ ಆಗಿದ್ದರೆ ಇದರ ಮೇಲೊಂದು ಪದ್ಯ ಬರೆಯಲು ನೋಡುತ್ತಿದ್ದೆ. ಇವತ್ತು ಮನಸ್ಸಿಗೆ ಬಂದದ್ದು ಇಷ್ಟೆ: ಬಲಗಡೆಯದಕ್ಕೆ ಡ್ಯಾಂಪಿಂಗ್ ಕಡಿಮೆ.

ಅಲುಗಿಸಿ ಬಿಟ್ಟ ವಸ್ತು ತಾನಾಗಿ ಎಷ್ಟು ಬೇಗ ಸುಮ್ಮನಾಗುತ್ತದೆ ಎನ್ನುವುದಕ್ಕೆ ನಮ್ಮ ಲ್ಯಾಬಿನಲ್ಲಿ ಹಾಗೆನ್ನುತ್ತಾರೆ. ಅಲ್ಲಿ ಸೇತುವೆ, ಗೋಪುರ, ಯಂತ್ರದ ಅಡಿಗಟ್ಟು ಎಲ್ಲವನ್ನೂ ಒಂದಿಷ್ಟು ಭಾರ ಹೇರಿ, ಒಂದಿಷ್ಟು ಅಲುಗಿಸಿ ಪರೀಕ್ಷೆ ಮಾಡುತ್ತಾರೆ. ಅವರು ಕಂಡುಹಿಡಿದದ್ದನ್ನು ಬೇರೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುವುದು ನನ್ನ ಕೆಲಸ. ಸಾಹಿತ್ಯ ಓದಿದವಳಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ ಎಂಬುದೂ ನಿಜ. ಈ ಕೆಲಸದಲ್ಲಿ ಹೆಚ್ಚು ಮಾತಾಡಬೇಕಿಲ್ಲ ಎಂಬುದು ನನಗೆ ಹಿಡಿಸಿತು ಎಂಬುದೂ ನಿಜ. ಮೊದಲ ದಿನವೇ ದೊಡ್ಡ ಮೇಡಂ ಹೇಳಿದ್ದರು: "ಕಂಡದ್ದನ್ನ ಬರಿ. ಚೆಂದ ಮಾಡೋಕೆ ಹೋಗ್ಬೇಡ."

ಇವತ್ತು ಲ್ಯಾಬಿಗೆ ಬಂದ ಹೊಸ ಕೆಲಸದ ಹೆಸರನ್ನು ಎರಡು ಸಲ ಓದಿದೆ. ಅತ್ತೆಯ ರಂಗಮಂದಿರದ ಬಾಲ್ಕನಿ.

ಮಾವ ಹೋದ ಮೇಲೆ ಅತ್ತೆ ಒಬ್ಬಳೇ ಅದನ್ನು ನಡೆಸುತ್ತಿದ್ದಾಳೆ. ಬರುವ ತಿಂಗಳು ಒಂದು ದೊಡ್ಡ ನೃತ್ಯ ತಂಡ ಇಡೀ ತಿಂಗಳಿಗೆ ಮಂದಿರವನ್ನು ಹಿಡಿದಿದೆ. ಬಾಲ್ಕನಿ ಗಟ್ಟಿಯಾಗಿದೆ ಎಂಬ ವರದಿ ಇಲ್ಲದೆ ಪರವಾನಗಿ ಸಿಗುವುದಿಲ್ಲ. ಬಾಲ್ಕನಿ ಇಲ್ಲದಿದ್ದರೆ ಅರ್ಧಕ್ಕರ್ಧ ಆಸನ ಹೋದಂತೆ. ಪಕ್ಕದ ಪೀಠೋಪಕರಣದ ಅಂಗಡಿಯವನು ಆ ಜಾಗಕ್ಕೆ ಬಹಳ ದಿನದಿಂದ ಕಣ್ಣು ಹಾಕಿದ್ದಾನೆ. "ನನ್ನ ವೇದಿಕೆ ಮೇಲೆ ಸೋಫಾ ಇಡ್ತಾನಂತೆ, ಸೋಫಾ!" ಎಂದು ಅತ್ತೆ ವಾರಕ್ಕೊಮ್ಮೆ ಉರಿದುಬೀಳುತ್ತಾಳೆ.

ಮೇಡಂಗೆ ಹೇಳಲೇಬೇಕಾಯಿತು. ಹೇಳಿದೆ, ಅಂದರೆ ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಓದಿ, "ಅತ್ತೆಯಾದ್ರೇನು, ಅಜ್ಜಿಯಾದ್ರೇನು. ಬಾಲ್ಕನಿಗೆ ನೆಂಟರಿಲ್ಲ" ಎಂದರು.

ಮಾರ್ಚ್ ೭, ಶುಕ್ರವಾರ

ನಿನ್ನೆ ಭಾರದ ಪರೀಕ್ಷೆ. ಬಾಲ್ಕನಿಯ ತುಂಬ ಪೀಪಾಯಿ ಇಟ್ಟು ನೀರು ತುಂಬಿಸಿದರು. ಅಂಚು ಬಾಗಿದ್ದು ಒಂದು ಅಕ್ಕಿಕಾಳಿನಷ್ಟು. ನೀರು ಖಾಲಿ ಮಾಡಿದ ಮೇಲೆ ಅಷ್ಟೇ ಮೇಲೆ ಬಂತು. ಬಲದ ಬಗ್ಗೆ ಮಾತೇ ಇಲ್ಲ.

ಇವತ್ತು ಅಲುಗಾಟದ ಪರೀಕ್ಷೆ. ಸುತ್ತಿಗೆಯಣ್ಣನನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಲ್ಯಾಬಿನ ಹಿರಿಯ ತಂತ್ರಜ್ಞ. ರಬ್ಬರಿನ ಮೂತಿಯ ಸುತ್ತಿಗೆಯಿಂದ ಎಲ್ಲವನ್ನೂ ಬಡಿದು ನೋಡುವವನಾದ್ದರಿಂದ ಆ ಹೆಸರು. ಗುಂಡಿಯಷ್ಟು ಪುಟ್ಟ ಸೆನ್ಸರುಗಳನ್ನು ಬೆರಳಲ್ಲಿ ಮೇಣ ಮೆದುಮಾಡಿ ನೆಲಕ್ಕೆ ಅಂಟಿಸಿದ. ಆಮೇಲೆ ಒಂದು ತಟ್ಟು. ಕೈ ತಕ್ಷಣ ಹಿಂದಕ್ಕೆ. "ಎರಡು ಸಲ ತಾಗಬಾರದು ತಂಗ್ಯಮ್ಮ. ಬೆನ್ನು ತಟ್ಟಿದ ಹಾಗೆ. ತಟ್ಟಿದ್ಯೋ, ಬಿಟ್ಯೋ."

ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತಟ್ಟೆ, ಹಿಂದೆ ರಂಗಮಂದಿರದ ಕೆಲಸದವರು ಚಹಾದ ಪಾತ್ರೆ ಹೊತ್ತುಕೊಂಡು.

"ಬೆಳಿಗ್ಗೆಯಿಂದ ನಿಂತೇ ಇದ್ದೀರಿ, ಕಾಲು ಬಿದ್ದುಹೋಗುತ್ತೆ. ಎಲ್ಲಾ ಕೂತ್ಕೊಳಿ."

"ಅಕ್ಕಾವ್ರೆ, ಯಂತ್ರ ಓಡ್ತಾ ಇದೆ," ಎಂದ ಸುತ್ತಿಗೆಯಣ್ಣ. ಬಾಲ್ಕನಿಯನ್ನು ನಿಧಾನಕ್ಕೆ ಅಲುಗಿಸುವ ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು.

"ಓಡ್ಲಿ ಬಿಡಿ. ಅದಕ್ಕೂ ಒಂದು ಕಪ್ ಕೊಡ್ಲಾ?"

ಅತ್ತೆ ಕೂರಿಸಿದಳೆಂದರೆ ಕೂತಂತೆಯೇ. ಮುಂದಿನ ಸಾಲಿನಲ್ಲಿ ಎಲ್ಲರೂ ಕುಳಿತರು, ನಾನೂ. ಚಹಾ, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅತ್ತೆ ಮಾವನ ಕಾಲದ ಕತೆ ಹೇಳಿದಳು: ರಾಜನ ಪಾತ್ರದವನು ಸಿಂಹಾಸನದಲ್ಲಿ ಗೊರಕೆ ಹೊಡೆದದ್ದು, ಮಂತ್ರಿ ಅದನ್ನು ಗುಡುಗು ಎಂದು ಸಂಭಾಳಿಸಿದ್ದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇಡಂ ಇವತ್ತು ಬಂದಿರಲಿಲ್ಲ.

ಯಂತ್ರ ನಿಂತಾಗ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಎರಡು ಮೂರು ಸಲ ಏರಿಳಿದು ನೆಟ್ಟಗಾಯಿತು. "ಎಂಥಾ ಸಾಧು ಬಾಲ್ಕನಿ!" ಎಂದ ಸುತ್ತಿಗೆಯಣ್ಣ. ಅತ್ತೆ ಅವನಿಗೆ ಇನ್ನೊಂದು ಮೊಟ್ಟೆ ಕೊಟ್ಟಳು.

ಮಾರ್ಚ್ ೧೦, ಸೋಮವಾರ

ಬಲೆಗಾರನ ಮೇಜಿನ ಪಕ್ಕ ಕುಳಿತು ವರದಿಗೆ ಬೇಕಾದದ್ದನ್ನು ಕೇಳಿ ತಿಳಿದುಕೊಂಡೆ. ಕೇಳಿ ಎಂದರೆ, ನಾನು ಪೆನ್ನಿನಲ್ಲಿ ಚಿತ್ರ ತೋರಿಸುವುದು, ಅವನು ಹೇಳುತ್ತಾ ಹೋಗುವುದು. ಲ್ಯಾಬಿನ ಲೆಕ್ಕದ ಎಂಜಿನಿಯರ್ ಅವನು; ಕಟ್ಟಡವನ್ನು ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಚೌಕಗಳ ಬಲೆಯಾಗಿ ಹೆಣೆಯುತ್ತಾನೆ, ಅದಕ್ಕೇ ಆ ಹೆಸರು. ಒಂದು ಚೌಕ ಪಕ್ಕದ್ದನ್ನು ಎಳೆಯುತ್ತದೆ, ಅದು ಇನ್ನೊಂದನ್ನು. ಹೀಗೆ ಇಡೀ ಬಾಲ್ಕನಿ ಪರದೆಯ ಮೇಲೆ ಬಟ್ಟೆಯ ಹಾಗೆ ತೂಗುತ್ತದೆ.

"ನನ್ನ ಬಲೆ ಪ್ರಕಾರ ಇದು ತುಂಬ ಹೊತ್ತು ತೂಗಬೇಕಿತ್ತು ರೀ. ಪರೀಕ್ಷೇಲಿ ಥಟ್ಟಂತ ನಿಂತುಬಿಡ್ತು. ಹಳೇ ಮರ, ಹಳೇ ಗಾರೆ, ಅವೇ ಹೀರಿಕೊಂಡಿರಬೇಕು. ಡ್ಯಾಂಪಿಂಗ್ ಏರಿಸಿದೆ ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ ಈಗ!"

ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. ನನಗೂ ಖುಷಿ.

ಮನೆಯಲ್ಲಿ ಅತ್ತೆ ಆಗಲೇ ಭಿತ್ತಿಪತ್ರದ ಬಣ್ಣ ಆರಿಸುತ್ತಿದ್ದಾಳೆ.

ಮಾರ್ಚ್ ೧೧, ಮಂಗಳವಾರ

ಊಟದ ಹೊತ್ತಿಗೆ ಸುತ್ತಿಗೆಯಣ್ಣ ದಾರದಲ್ಲಿ ತೂಗುಬಿಟ್ಟ ಉಕ್ಕಿನ ತಗಡೊಂದನ್ನು ತಟ್ಟುತ್ತಿದ್ದ. ಅದು ಗಂಟೆಯ ಹಾಗೆ ಹಾಡುತ್ತಿತ್ತು. ನೋಡುತ್ತಾ ನೋಡುತ್ತಾ ನಾನು ಅದರ ಮೇಲೆ ಅಂಗೈ ಇಟ್ಟೆ. ಸದ್ದು ಸತ್ತುಹೋಯಿತು.

"ಕೈ ತೆಗಿ ತಂಗ್ಯಮ್ಮ! ನೀನು ಮುಟ್ಟಿದ್ರೆ ಅದೆಲ್ಲಿ ಹಾಡುತ್ತೆ? ಮನುಷ್ಯರ ಮೈ ಅಂದ್ರೆ ಸ್ಪಂಜು. ಅಲುಗಾಟ ಎಲ್ಲಾ ಕುಡಿದುಬಿಡುತ್ತೆ."

ಕೈ ತೆಗೆದೆ. ನನ್ನ ಜಾಗಕ್ಕೆ ಬಂದು ಕುಳಿತೆ. ಆಮೇಲೆ ಮಧ್ಯಾಹ್ನವಿಡೀ ಒಂದು ಸಾಲೂ ಬರೆಯಲಾಗಲಿಲ್ಲ.

ಶುಕ್ರವಾರ ಯಂತ್ರ ಓಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ನಾವೆಲ್ಲ ಕುಳಿತಿದ್ದೆವು.

ಮಾರ್ಚ್ ೧೨, ಬುಧವಾರ

ನಾನು ತಪ್ಪು ತಿಳಿದಿರಬಹುದು. ನಾನು ಓದಿದ್ದು ಛಂದಸ್ಸು, ಅಲುಗಾಟವಲ್ಲ. ಸುತ್ತಿಗೆಯಣ್ಣನೇ ಅಲ್ಲಿ ಕುಳಿತಿದ್ದ, ಅವನಿಗೇ ಹೊಳೆಯಲಿಲ್ಲ. ಆದರೆ ಹೊಳೆಯುವುದಾದರೂ ಹೇಗೆ? ಅವನು ತಗಡನ್ನು ನೋಡುವವನು, ಸೆನ್ಸರನ್ನು ನೋಡುವವನು. ತನ್ನನ್ನು ತಾನು ಯಾರು ನೋಡಿಕೊಳ್ಳುತ್ತಾರೆ? ಬಲೆಗಾರ ಅಲ್ಲಿರಲೇ ಇಲ್ಲ. ಅವನಿಗೆ ಸಿಕ್ಕಿದ್ದು ಗೆರೆ ಮಾತ್ರ.

ಹೇಳಿದರೆ ಏನಾಗುತ್ತದೆಂದು ಗೊತ್ತಿದೆ. ಮತ್ತೆ ಪರೀಕ್ಷೆ, ಬಹುಶಃ ಬೇರೆ ಉತ್ತರ. ನೃತ್ಯ ತಂಡ ಕಾಯುವುದಿಲ್ಲ. ಸೋಫಾ.

ಹೇಳದಿದ್ದರೆ ಬಾಲ್ಕನಿ ತುಂಬುತ್ತದೆ. ತಾಳ ಏರುತ್ತದೆ. ಜನ ಎದ್ದು ಕುಣಿಯುತ್ತಾರೆ. ಆಗ ಅಲುಗಾಟ ಕುಡಿಯಲು ಸ್ಪಂಜು ಎಲ್ಲಿರುತ್ತದೆ?

ಅತ್ತೆ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಳೆ. ಶ್ರುತಿ ತಪ್ಪಿದ ಹಳೆಯ ರಾಗ. ಇಷ್ಟು ದಿನ ಅವಳು ಹಾಡಿದ್ದನ್ನೇ ನಾನು ಕೇಳಿರಲಿಲ್ಲ.

ಮಾರ್ಚ್ ೧೩, ಗುರುವಾರ

ಬರೆದೆ. "ಅಲುಗಾಟದ ಪರೀಕ್ಷೆ ನಡೆಯುವಾಗ ಬಾಲ್ಕನಿಯ ಮುಂದಿನ ಸಾಲಿನಲ್ಲಿ ಒಂಬತ್ತು ಮಂದಿ ಕುಳಿತು ಚಹಾ ಕುಡಿಯುತ್ತಿದ್ದರು."

ಮೇಡಂ ಕರೆದರು. ಬಲೆಗಾರ, ಸುತ್ತಿಗೆಯಣ್ಣ ಆಗಲೇ ಅಲ್ಲಿದ್ದರು.

"ಇದು ನಿಜಾನಾ?"

ತಲೆಯಾಡಿಸಿದೆ.

"ತಲೆ ಆಡಿಸಿದ್ರೆ ಗೆರೆ ಮೂಡಲ್ಲ ಕಣಮ್ಮ. ಬಾಯಲ್ಲಿ ಹೇಳು."

"ನಿಜ ಮೇಡಂ. ನಾನೂ ಕೂತಿದ್ದೆ." ನನ್ನ ಧ್ವನಿ ನನಗೇ ಯಾರದೋ ಅನ್ನಿಸಿತು.

ಬಲೆಗಾರ ಎರಡೂ ಕೈ ತಲೆಯ ಮೇಲೆ ಹೊತ್ತ. "ಅಯ್ಯೋ! ಹಳೇ ಗಾರೆಯಲ್ಲ, ನೀವು! ನಿಮ್ಮೆಲ್ಲರ ಹೊಟ್ಟೆಯನ್ನ ನಾನು ಬಾಲ್ಕನಿಗೆ ಸೇರಿಸಿಬಿಟ್ಟಿದ್ದೀನಿ!"

ಸುತ್ತಿಗೆಯಣ್ಣ ನೆಲ ನೋಡುತ್ತಿದ್ದ. "ಮೂರು ಮೊಟ್ಟೆ ತಿಂದೆ ಮೇಡಂ," ಎಂದ, ಅದೇ ಅಪರಾಧವೆಂಬಂತೆ.

ಮೇಡಂ ಯಾರ ಮೇಲೂ ಕೂಗಾಡಲಿಲ್ಲ. ಕೂತ ಜನ ಬಾಲ್ಕನಿಯನ್ನು ಸುಮ್ಮನಾಗಿಸುತ್ತಾರೆ, ಕುಣಿಯುವ ಜನ ಅದನ್ನೇ ಎಬ್ಬಿಸುತ್ತಾರೆ. ಆದ್ದರಿಂದ ಖಾಲಿ ಬಾಲ್ಕನಿಯ ಸ್ವಂತ ಗುಣ ಮೊದಲು ಗೊತ್ತಾಗಬೇಕು ಎಂದರು. ಶನಿವಾರ ಮತ್ತೆ ಪರೀಕ್ಷೆ. "ನಿಮ್ಮ ಅತ್ತೆಗೆ ನಾನೇ ಹೇಳ್ತೀನಿ."

"ಬೇಡ ಮೇಡಂ, ನಾನು ಹೇಳ್ತೀನಿ," ಎಂದೆ. ಯಾಕೆ ಹಾಗೆಂದೆನೋ.

ಹೇಳಿದೆ. ಅತ್ತೆ ಸೌಟು ಕೆಳಗಿಟ್ಟಳು.

"ಚಹಾ ಕೊಟ್ಟಿದ್ದು ತಪ್ಪಾ?"

"ಚಹಾ ಅಲ್ಲ ಅತ್ತೆ. ಕೂತಿದ್ದು."

"ಕೂರಿಸಿದ್ದು ನಾನು. ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಪುಟ್ಟಿ?"

ನನಗೆ, ಎಂದು ಹೇಳಬೇಕೆಂದುಕೊಂಡೆ. ಅವಳು ಎದ್ದು ಹೋಗಿದ್ದಳು.

ಮಾರ್ಚ್ ೧೫, ಶನಿವಾರ

ಖಾಲಿ ಬಾಲ್ಕನಿಯನ್ನು ನೋಡಿದರೆ ಬೇರೆಯದೇ ಪ್ರಾಣಿ. ಯಂತ್ರ ನಿಂತ ಮೇಲೂ ಪರದೆಯ ಗೆರೆ ಹಾವಿನ ಹಾಗೆ ಹೊರಳಾಡುತ್ತಲೇ ಇತ್ತು. ಬಲೆಗಾರನ ಮೊದಲ ಲೆಕ್ಕವೇ ಸರಿ. ಅವನು ಸಂತೋಷಪಡಲೋ ಬೇಡವೋ ಎಂದು ಅತ್ತೆಯ ಮುಖ ನೋಡಿದ.

ಅತ್ತೆ ಕೈಕಟ್ಟಿ ನಿಂತಿದ್ದಳು. "ಗೆರೆ ನನಗರ್ಥ ಆಗಲ್ಲ. ಭಾರ ಇಟ್ಟಾಗ ಗಟ್ಟಿ ಅಂದ್ರಲ್ಲ?"

"ಗಟ್ಟಿನೇ. ಬೀಳಲ್ಲ," ಎಂದರು ಮೇಡಂ. "ಆದ್ರೆ ಹೆದರಿಸುತ್ತೆ. ಹೆದರಿದ ಜನ ಎಲ್ಲಾ ಒಂದೇ ಬಾಗಿಲಿಗೆ ಓಡ್ತಾರೆ. ನಂಗೆ ಭಯ ಅದರದ್ದು. ನೀವೇ ಕೂತು ನೋಡಿ."

ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕುಣಿಯುವವರು ಬೇಕಾಗಿತ್ತು: ಸುತ್ತಿಗೆಯಣ್ಣ, ಬಲೆಗಾರ. "ಇನ್ನೊಬ್ಬರು," ಎಂದರು ಮೇಡಂ, ನನ್ನ ಕಡೆಯೇ ನೋಡುತ್ತಾ. ನಾನು ಚಪ್ಪಲಿ ಬಿಟ್ಟೆ.

ಮೇಡಂ ಸಣ್ಣ ಪೆಟ್ಟಿಗೆಯೊಂದನ್ನು ಒತ್ತಿದರು. ಅದು ಟಕ್ ಟಕ್ ಎಂದಿತು. ಟಕ್ಕಿಗೊಂದು ಜಿಗಿತ. ಬಾಲ್ಕನಿ ತನ್ನಷ್ಟಕ್ಕೆ ತೂಗುವುದು ನಮ್ಮ ಜಿಗಿತದ ಎರಡರಷ್ಟು ವೇಗದಲ್ಲಂತೆ. ಉಯ್ಯಾಲೆಯನ್ನು ಒಂದು ಸಲ ಬಿಟ್ಟು ಒಂದು ಸಲ ತಳ್ಳಿದರೂ ಅದು ಏರುತ್ತಲೇ ಹೋಗುತ್ತದಲ್ಲ, ಹಾಗೆ. ನನಗೆ ತಾಳ ಹಿಡಿಯುವುದು ಕಷ್ಟವಾಗಲಿಲ್ಲ. ಮಾತ್ರೆ ಎಣಿಸಿದವಳು ನಾನು. ಬಲೆಗಾರ ಮಾತ್ರ ಪ್ರತಿ ಸಲ ಅರೆ ಟಕ್ ತಡ. "ನನ್ನ ಕಾಲು ನೋಡ್ಕೊಂಡು ಹಾಕು!" ಎಂದು ಕೂಗಿದೆ. ಜಡೆ ಬಿಚ್ಚಿಹೋಯಿತು. ಸುತ್ತಿಗೆಯಣ್ಣನ ಜೇಬಿನಿಂದ ಮೇಣದ ಉಂಡೆ ಹಾರಿತು. ನಗು ತಡೆಯಲಾಗಲಿಲ್ಲ.

ಕಾಲಡಿಯ ನೆಲ ಉಸಿರಾಡುವ ಹಾಗೆ ಏಳತೊಡಗಿತು. ಮೂರೇ ಜನಕ್ಕೆ.

"ಸಾಕು! ನಿಲ್ಸಿ!" ಅತ್ತೆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾವು ನಿಂತೆವು. ಬಾಲ್ಕನಿ ನಿಲ್ಲಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅತ್ತೆ ಕೆಳಗಿನ ಆಸನಗಳನ್ನೇ ನೋಡುತ್ತಿದ್ದಳು.

ಮಾರ್ಚ್ ೧೮, ಮಂಗಳವಾರ

ನೃತ್ಯ ತಂಡದವರು ಬರುವುದಿಲ್ಲವೆಂದರು. ಅತ್ತೆ ಊಟ ಬಡಿಸುತ್ತಾಳೆ, ಮಾತಿಲ್ಲ.

ಮಾರ್ಚ್ ೨೦, ಗುರುವಾರ

ಇವತ್ತೂ ಇಲ್ಲ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ನನ್ನ ತಲೆ ಬಾಚುತ್ತಾ, ಬೆನ್ನ ಹಿಂದಿನಿಂದ ಅತ್ತೆ ಹೇಳಿದಳು: "ಬೇರೆಯವರು ಯಾರಾದ್ರೂ ಹಾಗೆ ಬರೆದಿದ್ರೆ ಅಟ್ಟಿಸ್ಕೊಂಡು ಹೋಗ್ತಿದ್ದೆ."

"ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಬರೆದೆ." ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. "ನಿಮ್ಮ ಮಾವ ಇದ್ದಿದ್ರೆ ನಿನ್ನ ಕಡೆ ಸೇರ್ಕೊಂಡು ನನ್ನ ಜೊತೆ ಜಗಳ ಆಡ್ತಿದ್ರು. ಅಲ್ಲಾಡ್ಬೇಡ, ಸೊಟ್ಟ ಆಗುತ್ತೆ."

ಜಡೆ ಸೊಟ್ಟಗೇ ಆಯಿತು. ಲ್ಯಾಬಿಗೆ ಹಾಗೇ ಹೋದೆ.

ಮಾರ್ಚ್ ೨೫, ಮಂಗಳವಾರ

ಈ ಎರಡು ದಿನಗಳಷ್ಟು ಹಗುರಾದ ದಿನಗಳು ನೆನಪಿಲ್ಲ. ಬಾಲ್ಕನಿಯ ಕೆಳಗೆ ಎರಡು ಉಕ್ಕಿನ ಕಂಬ ಕೊಟ್ಟರೆ ತೂಗಾಟ ಎಷ್ಟೋ ಪಾಲು ಇಳಿಯುತ್ತದೆ. ಎಲ್ಲಿ ಎಂಬುದೇ ಪ್ರಶ್ನೆ. ಬಲೆಗಾರ ಪರದೆಯ ಮೇಲೆ ಕಂಬ ನೆಡುವುದು, ನಾನು ರಂಗಮಂದಿರದಲ್ಲಿ ಆ ಜಾಗದಲ್ಲಿ ಸುತ್ತಿಗೆಯಣ್ಣನನ್ನು ಕಂಬದ ಹಾಗೆ ನಿಲ್ಲಿಸಿ, ಹಿಂದಿನ ಒಂದೊಂದು ಆಸನದಲ್ಲೂ ಕುಳಿತು ವೇದಿಕೆ ಕಾಣುತ್ತದೋ ಎಂದು ನೋಡುವುದು, ಫೋನಿನಲ್ಲಿ ಹೇಳುವುದು.

"ಎಡಕ್ಕೆ ಇನ್ನೊಂದು ಗೇಣು ಸರಿಸು. ಇಲ್ಲಿ ಕೂತವರಿಗೆ ರಾಜ ಕಾಣ್ತಾನೆ, ರಾಣಿ ಇಲ್ಲ."

"ಗೇಣು ಅಂದ್ರೆ ಎಷ್ಟು ಮಾರಾಯ್ತಿ? ಯಾರ ಗೇಣು?"

"ನಂದು."

"ನಿನ್ನ ಗೇಣನ್ನ ಮೊದಲು ಅಳೀಬೇಕು ಹಾಗಾದ್ರೆ."

"ನಾನು ಕೆಮ್ಮಬಹುದಾ, ಕಂಬ ಆದವನು?" ಎಂದು ಸುತ್ತಿಗೆಯಣ್ಣ.

ಕೊನೆಗೆ ಸಿಕ್ಕಿದ ಜಾಗದಲ್ಲಿ ಎರಡೇ ಎರಡು ಆಸನಗಳಿಗೆ ತೊಂದರೆ. "ಅವೆರಡು ಟೀಕಾಕಾರರಿಗೆ," ಎಂದಳು ಅತ್ತೆ. ಅವಳ ತಮಾಷೆ ಮರಳಿದೆ!

ಕಂಬ ತಯಾರಾಗಿ ಬರಲು ಮಳೆಗಾಲ ಕಳೆಯಬೇಕು. ಅಲ್ಲಿಯವರೆಗೆ ಮೇಡಂ ಶರತ್ತು ಹಾಕಿ ಒಪ್ಪಿಗೆ ಕೊಟ್ಟರು. ಬಾಲ್ಕನಿಯಲ್ಲಿ ಅಲುಗಾಟ ಹೆಚ್ಚಿರುವ ಮುಂದಿನ ಸಾಲು ಖಾಲಿ. ಕೂತು ನೋಡುವ ನಾಟಕ ಮಾತ್ರ. ಕಾಲು ಬಡಿಯಬಾರದೆಂದು ಪ್ರತಿ ಪ್ರದರ್ಶನಕ್ಕೂ ಮೊದಲು ಜನರಿಗೆ ತಿಳಿಸಬೇಕು. ಅತ್ತೆ ಸಂಜೆಯೇ ಊರಿನ ನಾಟಕ ತಂಡಗಳಿಗೆಲ್ಲ ಫೋನು ಮಾಡಿದಳು. ಶನಿವಾರಗಳು ತುಂಬಿದವು. ಮಂದಿರ ಉಸಿರು ಹಿಡಿದು ಮಳೆಗಾಲ ದಾಟಬಹುದು.

ಏಪ್ರಿಲ್ ೫, ಶನಿವಾರ

ಮೊದಲ ನಾಟಕ. ಬಾಲ್ಕನಿ ತುಂಬಿತ್ತು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ; ಪಕ್ಕದಲ್ಲಿ ಸೆನ್ಸರಿನ ಪೆಟ್ಟಿಗೆ, ಅದರ ಪಕ್ಕ ಮೇಡಂ.

ಅತ್ತೆ ಸೂಚನೆಯನ್ನು ಧ್ವನಿಮುದ್ರಿಸಿದ್ದಳು. ಅದು ಬಂದದ್ದು ಧ್ವನಿವರ್ಧಕದಲ್ಲಿ, ಕೂದಲೆಣ್ಣೆ ಮತ್ತು ಸಾಬೂನಿನ ಜಾಹೀರಾತುಗಳ ನಡುವೆ. ಯಾರೂ ಕಿವಿಗೊಡಲಿಲ್ಲ. ನನ್ನ ಮುಂದಿದ್ದವರು ಯಾವುದೋ ಮದುವೆಯ ಮಾತು ಮುಂದುವರಿಸಿದರು.

ನಾಟಕ ಚೆನ್ನಾಗಿತ್ತು. ಅದೇ ಆಪತ್ತಾಯಿತು. ಪರದೆ ಬಿದ್ದಾಗ ಚಪ್ಪಾಳೆ. ಚಪ್ಪಾಳೆ ಸಾಲದೆ ಕಾಲು. ಎಲ್ಲರ ಕಾಲೂ ಒಂದೇ ತಾಳಕ್ಕೆ ಬಂದವು. ಗೋಡೆಗೆ ಒರಗಿದ್ದ ಬೆನ್ನಿಗೆ ಅದು ಮೊದಲು ತಿಳಿಯಿತು. ಹೆಂಗಸೊಬ್ಬಳು ಕಿರುಚಿದಳು. ಎರಡು ಸಾಲು ಒಮ್ಮೆಗೇ ಎದ್ದು ಬಾಗಿಲ ಕಡೆ ತಿರುಗಿತು.

"ಕೂತ್ಕೊಳಿ!"

ಯಾರೋ ಜೋರಾಗಿ ಕೂಗಿದರು. ಜನ ತಬ್ಬಿಬ್ಬಾಗಿ ಕುಳಿತರು. ಕೂತ ಮೈಗಳು ಅಲುಗಾಟ ಕುಡಿದವು. ಎಲ್ಲ ಸುಮ್ಮನಾಯಿತು.

ಕೂಗಿದ್ದು ನಾನು ಎಂದು ಮೇಡಂ ಹೇಳಿದ ಮೇಲೆ ತಿಳಿಯಿತು. ಗಂಟಲು ಉರಿಯುತ್ತಿದೆ.

ಕೆಳಗೆ ಟಿಕೆಟ್ ಕಿಟಕಿಯ ಹತ್ತಿರ ಮೇಡಂ ಅತ್ತೆಗೆ ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ಬಾಲ್ಕನಿ ಮುಚ್ಚಿಸ್ತೀನಿ. ಮುಲಾಜಿಲ್ಲ. ಹೇಳೋದು ಅಂದ್ರೆ ಜನರ ಕಿವಿಗೆ ಬೀಳ್ಬೇಕು."

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆಯೆಲ್ಲ ಅದೇ ಚರ್ಚೆ. ಬಲೆಗಾರ ಮನೆಗೇ ಬಂದಿದ್ದ.

"ಇನ್ನೊಂದು ಶನಿವಾರ ಹೀಗಾದ್ರೆ ಮುಗೀತು," ಎಂದಳು ಅತ್ತೆ. "ಬಾಲ್ಕನಿ ಮುಚ್ಚಿದ್ರೆ ನಾಟಕದವರು ಬರಲ್ಲ. ಅಂಗಡಿಯವನು ನಿನ್ನೆ ಬಾಗಿಲಲ್ಲೇ ನಿಂತಿದ್ದ, ಜನ ಇಳಿಯೋದು ನೋಡ್ತಾ."

"ನಟರೇ ಹೇಳಲಿ," ಎಂದ ಬಲೆಗಾರ.

"ವೇಷ ಹಾಕಿದ ಮೇಲೆ ಅವರು ಪರದೆ ಹೊರಗೆ ಮುಖ ತೋರಿಸಲ್ಲ."

"ನೀವು?"

"ನಾನು ಕಿಟಕಿ ಬಿಟ್ಟು ಬರೋಕಾಗುತ್ತಾ? ಬಂದ್ರೂ, ಮೊಬೈಲ್ ಆರಿಸಿ, ಉಗುಳಬೇಡಿ ಅಂತ ನಾನು ಬೈದು ಬೈದು ಅವರ ಕಿವಿಗೆ ತುಕ್ಕು ಹಿಡಿದಿದೆ."

"ಹಾಗಾದ್ರೆ ನಾನೇ ಹೇಳ್ತೀನಿ. ಒಂದು ನಕ್ಷೆ ತೋರಿಸಿ, ಅನುರಣನ ಅಂದ್ರೇನು ಅಂತ ಹತ್ತೇ ನಿಮಿಷದಲ್ಲಿ..."

"ಅಷ್ಟರಲ್ಲಿ ಬಾಲ್ಕನಿ ತಾನಾಗೇ ಖಾಲಿ ಆಗುತ್ತೆ," ಎಂದಳು ಅತ್ತೆ.

ನಾನು ಬಟಾಣಿ ಸುಲಿಯುತ್ತಿದ್ದೆ.

ಧ್ವನಿವರ್ಧಕ ಬೇಡ. ವೇದಿಕೆಯೂ ಬೇಡ, ಕೆಳಗೆ ಕೂತವರಿಗೆ ಈ ಮಾತು ಬೇಕಿಲ್ಲ. ಬಾಲ್ಕನಿಯ ಖಾಲಿ ಬಿಟ್ಟ ಮುಂದಿನ ಸಾಲಿನಲ್ಲಿ, ಕಂಬಿಗೆ ಬೆನ್ನು ಮಾಡಿ, ದೀಪ ಆರುವ ಮೊದಲು, ಮುಖಗಳನ್ನು ನೋಡಿಕೊಂಡು ಹೇಳಬೇಕು. ಇದು ಗಟ್ಟಿಯಾಗಿದೆ. ಇದರ ಮೇಲೆ ನಾನೇ ಕುಣಿದು ನೋಡಿದ್ದೇನೆ. ನಾಟಕ ಹಿಡಿಸಿದರೆ ಕೈ ನೋಯುವಷ್ಟು ಚಪ್ಪಾಳೆ ತಟ್ಟಿ, ಕಾಲು ಮಾತ್ರ ನೆಲಕ್ಕೆ ಬಿಟ್ಟುಬಿಡಿ. ಅಲುಗಿತು ಅನ್ನಿಸಿದರೆ ಏಳಬೇಡಿ, ಕೂತೇ ಇರಿ, ನೀವು ಕೂತರೆ ಅದೂ ಕೂರುತ್ತದೆ. ಇಷ್ಟೇ. ಇನ್ನೊಂದು ಮಾತು ಸೇರಿಸಿದರೂ ಹೆಚ್ಚು.

ಅತ್ತೆಗೆ ಹೇಳಿಲ್ಲ. ಬಲೆಗಾರ ಅವನ ನಕ್ಷೆ ಬರೆಯಲು ಮನೆಗೆ ಹೋದ, ಅವನಿಗೂ ಹೇಳಿಲ್ಲ. ಶನಿವಾರ ನಾಟಕ ಶುರುವಾಗುವ ಮೂರನೆಯ ಗಂಟೆ ಹೊಡೆಯುವ ಮೊದಲು ನಾನು ಮೇಲೆ ಹೋಗಿ ನಿಂತಿರುತ್ತೇನೆ.